ಗುರುತು ಹಾಕಿದವರೇ ಒರೆಸಬೇಕು

ಬಿಸಿ ಚಹಾ ಕುಡಿದು ಬಾಯಿ ಸುಟ್ಟುಕೊಳ್ಳದವರು ಯಾರಿದ್ದಾರೆ? ಎರಡು ದಿನ ಚುರುಚುರು ಅಂದು ಸುಮ್ಮನಾಗುತ್ತದೆ. ಆದರೆ ಬಸ್ ಡಿಪೋದ ಬ್ರೇಕಣ್ಣನಿಗೆ ತಿಂಗಳಾದರೂ ಎಡಗೆನ್ನೆಯ ಒಳಗಿನ ಉರಿ ನಿಂತಿರಲಿಲ್ಲ. ಚಹಾ ಆರಿಸಿ ಕುಡಿದರೂ ಅಷ್ಟೇ. ಕನ್ನಡಿಯಲ್ಲಿ ನೋಡಿಕೊಂಡರೆ ಅಲ್ಲೊಂದು ಬಿಳಿ ಕಲೆ, ಉಗುರಿನಷ್ಟು ಅಗಲ.

"ಸೀಮೆಸುಣ್ಣದ್ದು" ಅಂದುಕೊಂಡು ಸುಮ್ಮನಾಗಿದ್ದ.

ಹಾಗೆ ಅಂದುಕೊಳ್ಳಲು ಕಾರಣವೂ ಇತ್ತು. ಬೆಳಿಗ್ಗೆ ಬಸ್ಸುಗಳು ಗೇಟು ದಾಟುವ ಮೊದಲು ಅವುಗಳ ಬ್ರೇಕು ಪರೀಕ್ಷಿಸುವುದು ಅವನ ಕೆಲಸ. ಬಸ್ಸಿನಡಿ ತೂರಿದಾಗ ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಸ್ಪಾನರ್. ಸೀಮೆಸುಣ್ಣಕ್ಕೆ ಮೂರನೇ ಕೈ ಎಲ್ಲಿಂದ ತರುವುದು? ಅದನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಿದ್ದ. ಬ್ರೇಕಿನಲ್ಲಿ ದೋಷ ಕಂಡರೆ ಮುಂದಿನ ಟೈರಿನ ಮೇಲೆ ದೊಡ್ಡದೊಂದು ಇಂಟು ಗುರುತು. ರಿಪೇರಿಯಾಗುವ ತನಕ ಆ ಬಸ್ಸು ಹೊರಡುವಂತಿಲ್ಲ. ಡಿಪೋದಲ್ಲಿ ಒಂದು ಕಟ್ಟುನಿಟ್ಟಿನ ಮಾತಿತ್ತು: ಗುರುತು ಹಾಕಿದವರೇ ಒರೆಸಬೇಕು. ಮ್ಯಾನೇಜರೇ ಬಂದು ಗೋಗರೆದರೂ ಬ್ರೇಕಣ್ಣ ಜಗ್ಗುತ್ತಿರಲಿಲ್ಲ.

ಇಂಥ ಶಿಸ್ತಿನ ಆಸಾಮಿ ಅದೇ ಎಡಗೆನ್ನೆಯಲ್ಲಿ ಇಪ್ಪತ್ತು ವರ್ಷದಿಂದ ತಂಬಾಕು ಇಟ್ಟುಕೊಳ್ಳುತ್ತಿದ್ದ ಅನ್ನುವುದನ್ನೂ ಹೇಳಿಬಿಡಬೇಕು. ದೀಪದ ಬುಡದಲ್ಲೇ ಕತ್ತಲೆ.

ಅವನ ಶಿಳ್ಳೆಯ ವಿಷಯ ಹೇಳದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ಡಿಪೋದಲ್ಲಿ ಡ್ರೈವರುಗಳು ಬಸ್ಸನ್ನು ರಿವರ್ಸ್ ತೆಗೆದುಕೊಳ್ಳುತ್ತಿದ್ದುದೇ ಆ ಶಿಳ್ಳೆಯ ಮೇಲೆ. ಸಂಜೆ ಓಣಿಯ ತಿರುವಿನಲ್ಲಿ ಅದು ಕೇಳಿಸಿದರೆ ಹೆಂಡತಿ ಚಹಾಕ್ಕೆ ನೀರಿಡುತ್ತಿದ್ದಳು. ಈಗ ಕೆನ್ನೆ ಎಳೆದರೆ ನೋವು, ಶಿಳ್ಳೆಯ ಬದಲು ಬರೀ ಗಾಳಿ. ಹದಿನೈದು ದಿನದಿಂದ ಮನೆಯಲ್ಲಿ ಚಹಾ ತಡವಾಗುತ್ತಿತ್ತು.

ಹೆಂಡತಿಗೆ ಯಾಕೋ ಸರಿಕಾಣಲಿಲ್ಲ. ತಂಗಿಯನ್ನು ಕರೆಸಿದಳು. ತಂಗಿ ಹಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ಬ್ರೇಕಣ್ಣ ಈ ನಾದಿನಿಗೆ ಇಟ್ಟ ಹೆಸರು ಹಲ್ಲಮ್ಮ.

"ಭಾವ, ಬಾಯಿ ತೆಗೀರಿ" ಅಂದಳು ಹಲ್ಲಮ್ಮ.

"ನಿಮ್ಮಕ್ಕ ಮದುವೆ ಆದಾಗಿಂದ ಬಾಯಿ ಮುಚ್ರಿ ಅಂತಾಳೆ. ನೀನು ತೆಗೀರಿ ಅಂತೀಯ. ನಾನು ಯಾರ ಮಾತು ಕೇಳ್ಲಿ?"

"ಇವತ್ತೊಂದಿನ ಅವಳ ಮಾತು ಕೇಳಿ" ಅಂದಳು ಹೆಂಡತಿ.

ನಾದಿನಿ ಟಾರ್ಚು ಬಿಟ್ಟು ನೋಡಿದಳು. "ಎಷ್ಟು ದಿನದಿಂದ ಇದೆ ಇದು?"

"ಅದು ಸೀಮೆಸುಣ್ಣ ಕಣಮ್ಮ."

"ಸೀಮೆಸುಣ್ಣ ಆದ್ರೆ ಒರೆಸಿದ್ರೆ ಹೋಗ್ಬೇಕಲ್ಲ?" ಬೆರಳಿಗೆ ಶುಭ್ರವಾದ ಒದ್ದೆ ಬಟ್ಟೆ ಸುತ್ತಿ ಒರೆಸಿದಳು. ಇನ್ನೊಮ್ಮೆ ಒರೆಸಿದಳು. ಕಲೆ ಇದ್ದಲ್ಲೇ ಇತ್ತು. ಮನೆಯಲ್ಲಿ ನಗು ನಿಂತಿತು.

"ಭಾವ, ನಮ್ಮ ಮೈಯಲ್ಲಿ ಹಳೇ ಜೀವಕೋಶ ಹೋಗಿ ಹೊಸದು ಹುಟ್ತಾನೇ ಇರುತ್ತೆ. ಒಂದು ಎರಡಾಗುತ್ತೆ. ಆದ್ರೆ ಮನಸ್ಸಿಗೆ ಬಂದ ಹಾಗೆ ಆಗೋ ಹಾಗಿಲ್ಲ. ಅದನ್ನ ಹತೋಟಿಯಲ್ಲಿಡೋಕೆ ಒಳಗೆ ನಿಯಂತ್ರಕ ಪ್ರೋಟೀನ್ ಅಂತ ಇರ್ತವೆ."

"ಪ್ರೋಟೀನ್ ತಾನೆ? ನಾಳೆಯಿಂದ ಎರಡು ಮೊಟ್ಟೆ ಜಾಸ್ತಿ ತಿಂತೀನಿ ಬಿಡು."

"ಡಜನ್ ತಿಂದ್ರೂ ಬರಲ್ಲ. ಇವನ್ನ ಜೀವಕೋಶ ತಾನೇ ಮಾಡ್ಕೊಳ್ಳುತ್ತೆ. ಕೆಲವು ಪ್ರೋಟೀನು 'ಹೊರಡು' ಅಂತವೆ, ಕೆಲವು 'ನಿಲ್ಲು' ಅಂತವೆ. ಜೀವಕೋಶದಲ್ಲಿ ಏನಾದ್ರೂ ಕೆಟ್ಟಿದ್ರೆ, ಈ 'ನಿಲ್ಲು' ಅನ್ನೋದು ಅಡ್ಡ ನಿಂತ್ಕೊಂಡು, ಮೊದಲು ರಿಪೇರಿ ಆಗು, ಆಮೇಲೆ ಎರಡಾಗು ಅನ್ನುತ್ತೆ. ರಿಪೇರಿ ಆಗದಿದ್ರೆ ಅದನ್ನ ಗುಜರಿಗೆ ಕಳಿಸುತ್ತೆ."

ಬ್ರೇಕಣ್ಣ ನೆಟ್ಟಗೆ ಕೂತ. "ಅಂದ್ರೆ ನಾನು ಮಾಡೋ ಕೆಲಸ."

"ನಿಮ್ಮದೇ ಕೆಲಸ. ಈಗ ಹೇಳಿ, ಬ್ರೇಕು ನೋಡೋನನ್ನೇ ಯಾರೋ ದಿನಾ ಬಡಿದು ಮೂಲೇಲಿ ಕೂರಿಸಿದ್ರೆ?"

"ಕೆಟ್ಟ ಬಸ್ಸೆಲ್ಲ ಗೇಟು ದಾಟುತ್ತೆ."

"ತಂಬಾಕಿನ ವಿಷ ಮಾಡೋದು ಅದನ್ನೇ. ಆ ಪ್ರೋಟೀನನ್ನ ಹೇಗೆ ಮಾಡ್ಬೇಕು ಅಂತ ಬರೆದಿಟ್ಟಿರೋ ಜೀನನ್ನೇ ಕೆಡಿಸುತ್ತೆ. ಆಮೇಲೆ ನಿಲ್ಲು ಅನ್ನೋರೇ ಇಲ್ಲ, ಹೊರಡು ಅನ್ನೋರದ್ದೇ ಕಾರುಬಾರು. ಕೆಟ್ಟ ಕೋಶ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೀತಾ ಹೋಗುತ್ತೆ. ಬಾಯಿ ಕ್ಯಾನ್ಸರ್ ಅಂದ್ರೆ ಅದೇ."

"ನಮ್ಮ ತಾತ ಸಾಯೋವರೆಗೂ ತಂಬಾಕು ಹಾಕ್ಕೊಂಡು ಗುಂಡುಕಲ್ಲಿನ ಹಾಗಿದ್ರು" ಅಂದ ಬ್ರೇಕಣ್ಣ.

"ಬ್ರೇಕಿಲ್ಲದ ಬಸ್ಸೂ ಒಂದೊಂದ್ಸಲ ಸುಖವಾಗಿ ಊರು ಸೇರುತ್ತೆ ಭಾವ. ಅಂತ ನೀವು ಬಿಟ್ಟುಬಿಡ್ತೀರಾ?"

ಬ್ರೇಕಣ್ಣ ಕೆನ್ನೆ ಸವರಿಕೊಂಡು ಮೆಲ್ಲಗೆ ಕೇಳಿದ, "ನನಗೆ ಕ್ಯಾನ್ಸರ್ ಅಂತೀಯಾ?"

"ಹಾಗಂತ ಹೇಳಿಲ್ಲ. ಎಲ್ಲಾ ಬಿಳಿ ಕಲೇನೂ ಕ್ಯಾನ್ಸರ್ ಆಗಲ್ಲ. ಪರೀಕ್ಷೆ ಮಾಡದೆ ಯಾರೂ ಹೇಳೋಕಾಗಲ್ಲ. ಉಗುರಲ್ಲಿ ಹೋಗೋದಕ್ಕೆ ಕೊಡಲಿ ಬೇಕಾಗೋವರೆಗೂ ಕಾಯ್ಬೇಡಿ. ತಡವಾದ್ರೆ ಕೆನ್ನೇನೇ ತೆಗೀಬೇಕಾಗಬಹುದು."

ಕೆನ್ನೆ ಹೋದರೆ ಶಿಳ್ಳೆಯೂ ಹೋಯಿತು. ಬ್ರೇಕಣ್ಣನಿಗೆ ನಿಜಕ್ಕೂ ಭಯವಾಯಿತು. ಭಯವಾದವರೆಲ್ಲ ಹೇಳುವುದನ್ನೇ ಅವನೂ ಹೇಳಿದ: "ಮುಂದಿನ ವಾರ ನೋಡೋಣ."

ನಾದಿನಿ ಅವನ ಜೇಬಿನಿಂದ ಸೀಮೆಸುಣ್ಣ ತೆಗೆದು, ನೀಲಿ ಅಂಗಿಯ ಎದೆಯ ಮೇಲೆ ಇಷ್ಟಗಲ ಇಂಟು ಗುರುತು ಎಳೆದಳು. "ಗುರುತು ಹಾಕಿದವರೇ ಒರೆಸ್ಬೇಕು. ನಿಮ್ಮ ಡಿಪೋದ್ದೇ ಕಾನೂನು."

ಒರೆಸಲು ಎತ್ತಿದ ಕೈಯನ್ನು ಬ್ರೇಕಣ್ಣ ಹಾಗೇ ಕೆಳಗಿಳಿಸಿದ. ಇಷ್ಟು ವರ್ಷ ಯಾರಿಗೂ ಬಗ್ಗದವನು ತನ್ನ ಮಾತಿಗೆ ತಾನೇ ಸಿಕ್ಕಿಬಿದ್ದಿದ್ದ. ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮರುದಿನ ಅದೇ ಅಂಗಿಯಲ್ಲಿ ಆಸ್ಪತ್ರೆಗೆ ಹೊರಟ. ದಾರಿಯಲ್ಲಿ ಸಿಕ್ಕ ಡ್ರೈವರೊಬ್ಬ, "ಏನಣ್ಣ, ಇವತ್ತು ನಿಮ್ಮ ಟ್ರಿಪ್ಪೇ ಕ್ಯಾನ್ಸಲ್ಲಾ?" ಅಂದ. "ಹೂಂ ಕಣಪ್ಪ, ವರ್ಕ್‌ಶಾಪಿಗೆ ಹೊರಟಿದ್ದೀನಿ" ಅಂದ ಬ್ರೇಕಣ್ಣ.

ಡಾಕ್ಟರು ಕಲೆಯಿಂದ ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ಅಂದಿನಿಂದ ಆ ಅಂಗಿ ಒಗೆಯದೆ ಗೂಟದಲ್ಲೇ ತೂಗುತ್ತಿತ್ತು. ಕೊನೆಗೆ ಬಂದ ವರದಿ ಹೇಳಿದ್ದಿಷ್ಟು: ಕ್ಯಾನ್ಸರ್ ಅಲ್ಲ, ಆದರೆ ಜೀವಕೋಶಗಳು ಅಡ್ಡದಾರಿ ಹಿಡಿಯಲು ಶುರುಮಾಡಿವೆ. ಡಾಕ್ಟರು ಆ ಕಲೆಯನ್ನಷ್ಟೇ ತೆಗೆದರು. ಕೆನ್ನೆ ಉಳಿಯಿತು.

"ತಂಬಾಕು ಬಿಟ್ರೆ ಹೊಸ ಹಾನಿ ನಿಲ್ಲುತ್ತೆ. ಹಳೇದು ಪೂರ್ತಿ ಅಳಿಸಿಹೋಗಲ್ಲ. ಮೂರು ತಿಂಗಳಿಗೊಮ್ಮೆ ಬಂದು ತೋರಿಸ್ಬೇಕು" ಅಂದರು ಡಾಕ್ಟರು.

"ಬಸ್ಸುಗಳನ್ನ ದಿನಾ ನೋಡ್ತೀನಿ ಸಾರ್. ಇದು ಮೂರು ತಿಂಗಳಿಗೊಮ್ಮೆ ತಾನೆ?"

ತಂಬಾಕು ಬಿಡುವುದೇನು ಸುಲಭವಾಗಲಿಲ್ಲ. ಮೊದಲ ವಾರ ಬಸ್ಸಿನ ಬಾಗಿಲಿನ ಮೇಲೂ ರೇಗಿದ. ಆಸ್ಪತ್ರೆಯ ಆಪ್ತಸಲಹೆಗಾರರ ಹತ್ತಿರ ನಾಲ್ಕು ಸಲ ಹೋಗಿ ಬಂದ. ಆಮೇಲೆ ಒಂದು ಸಂಜೆ ಓಣಿಯ ತಿರುವಿನಲ್ಲಿ ಶಿಳ್ಳೆ ಕೇಳಿಸಿತು, ಮೊದಲಿನ ಹಾಗೇ, ಇಡೀ ಓಣಿಗೆ ಕೇಳುವಂತೆ. ಹೆಂಡತಿ ಕಣ್ಣೊರೆಸಿಕೊಳ್ಳುತ್ತಲೇ ಚಹಾಕ್ಕೆ ನೀರಿಟ್ಟಳು.

ಅಲ್ಲೇ ಇದ್ದ ಹಲ್ಲಮ್ಮ ಗೂಟದಿಂದ ಅಂಗಿ ತೆಗೆದು ಒದ್ದೆ ಬಟ್ಟೆಯಿಂದ ಗುರುತು ಒರೆಸಿದಳು. ಒಂದೇ ಸಲಕ್ಕೆ ಹೋಯಿತು. "ನೋಡಿ ಭಾವ, ಸೀಮೆಸುಣ್ಣ ಅಂದ್ರೆ ಹೀಗೆ ಹೋಗ್ಬೇಕು."

ಅಕ್ಕಂದಿರೇ, ಅಣ್ಣಂದಿರೇ, ಇವತ್ತೇ ಕನ್ನಡಿಯ ಮುಂದೆ ನಿಂತು ಬಾಯಿ ತೆರೆದು ನೋಡಿಕೊಳ್ಳಿ. ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಕಲೆ, ಎರಡು ವಾರವಾದರೂ ಮಾಯದ ಹುಣ್ಣು, ಇಲ್ಲವೇ ಬಾಯಿ ಅಗಲಿಸುವಾಗ ಬಿಗಿತ ಕಂಡರೆ ಮುಂದಿನ ವಾರ ಅನ್ನಬೇಡಿ, ತೋರಿಸಿಕೊಳ್ಳಿ. ನಿಮ್ಮೊಳಗೂ ಒಬ್ಬ ಬ್ರೇಕಣ್ಣ ಕಾವಲಿದ್ದಾನೆ, ಅವನನ್ನು ಕೆಡಿಸಬೇಡಿ. ಮನೆಯಲ್ಲಿ ತಂಬಾಕಿನ ಪೊಟ್ಟಣವಿದ್ದರೆ ಅದರ ಮೇಲೊಂದು ಇಂಟು ಗುರುತು ಎಳೆಯಿರಿ. ಆ ಗುರುತನ್ನು ಮಾತ್ರ, ಹಾಕಿದವರೂ ಒರೆಸುವುದು ಬೇಡ.