ಅರ್ಧ ತೆರಿಗೆಯ ಮನೆ

"ಏ ಸೂಳಿ, ಸೋಫಾಕ್ಕ ಬೆನ್ನ ಹಚ್ಚಬ್ಯಾಡ. ಹೊಲಸ ಆಕ್ಕೈತಿ!"

ಶೆಟ್ಟೆವ್ವ ಮುಂದಕ್ಕೆ ಸರಿದು ಕುಳಿತಳು. ಸೋಫಾದ ಮೇಲೆ ಹಳೇ ಪೇಪರ್ ಹಾಸಿ ಅವಳನ್ನೂ ಗಂಡ ಮುತ್ತಪ್ಪನನ್ನೂ ಇಬ್ಬರು ಮಕ್ಕಳನ್ನೂ ಸಾಲಾಗಿ ಕೂಡಿಸಿದ್ದವನೂ ಈಗ ಬೈದವನೂ ಸಿದ್ರಾಯ ಸಾವ್ಕಾರನೇ. ಹನ್ನೊಂದು ವರ್ಷ ಅವನ ಕಬ್ಬಿನಲ್ಲಿ ದುಡಿದರೂ ಅವರು ಈ ಮನೆಯ ಒಳಗೆ ಕಾಲಿಟ್ಟದ್ದು ಇವತ್ತೇ ಮೊದಲು. ಬೆಳಿಗ್ಗೆ ಮಕ್ಕಳಿಗೆ ಘಟಪ್ರಭಾದಿಂದ ಹೊಸ ಅಂಗಿ ಬಂದಿದ್ದವು. ಸಾವ್ಕಾರ ಕೈಬಿಚ್ಚಿ ಕೊಟ್ಟನೆಂದರೆ ಏನೋ ಮಸಲತ್ತು ಇರಲೇಬೇಕೆಂದು ಶೆಟ್ಟೆವ್ವನಿಗೆ ಆಗಲೇ ಗುಮಾನಿ.

"ನಾವ್ಯಾಕ್ರಿ ಇಲ್ಲಿ?"

"ಗಂಡ-ಹೆಂಡ್ತಿ ಕೂಡಿ ಮಕ್ಕಳನ್ನ ಸಾಕೋ ಮನಿಗೆ ತೆರಿಗಿ ಅರ್ಧಾ ಮಾಫಿ ಮಾಡ್ಯಾರಬೇ. ಪಂಚಾಯ್ತಿ ಸಾಹೇಬ ನೋಡಾಕ ಬರ್ತಾನ. ಇಲ್ಲೇ ಇರ್ತೇವ್ರಿ ಅಂತ ಹೇಳ್ರಿ, ಸಾಕು."

ಸಾವ್ಕಾರನ ಹೆಂಡತಿ ತೀರಿ ಒಂಬತ್ತು ವರ್ಷ. ಮಗನಿಗೆ ನಲವತ್ತಾದರೂ ಹೆಣ್ಣು ಸಿಕ್ಕಿಲ್ಲ. ಎಂಟು ಕೋಣೆಯ ಮನೆಗೆ ಈಗ ಒಂದು ಸಂಸಾರ ಬೇಕಾಗಿತ್ತು. ಹಿತ್ತಲ ತಗಡಿನ ಶೆಡ್ಡಿನಲ್ಲಿ ಒಂದಿತ್ತಲ್ಲ, ಕರೆಸಿಕೊಂಡ.

ಸಾಹೇಬ ಬಂದ. ಮಕ್ಕಳ ತಲೆ ಎಣಿಸಿದ, ಶೆಟ್ಟೆವ್ವನ ಕೊರಳ ತಾಳಿ ನೋಡಿದ, ಫೋಟೊ ಹೊಡೆದ. ಮುತ್ತಪ್ಪ ಹೆಬ್ಬೆಟ್ಟು ಒತ್ತಿದ.

"ಇದ್ರಿಂದ ನಮಗೇನೂ ತ್ರಾಸ ಇಲ್ಲಲ್ರಿ?" ಎಂದು ಶೆಟ್ಟೆವ್ವ ಕೇಳಿಯೇಬಿಟ್ಟಳು.

"ಇಷ್ಟ ದೊಡ್ಡ ಮನ್ಯಾಗ ಅದೀರಿ, ಎಂಥಾ ತ್ರಾಸ? ಸರ್ಕಾರಿ ಮನಿ ಪಟ್ಟ್ಯಾಗ ನಿಮ್ಮ ಹೆಸರಿತ್ತು, ಅದನ್ನ ತಗೀತೇವಿ. ಮನಿ ಇಲ್ಲದವ್ರಿಗೆ ಸಿಗಲಿ."

ಆ ಮನೆಗಾಗಿ ನಾಲ್ಕು ವರ್ಷ ಗೋಕಾಕಕ್ಕೆ ಅಲೆದಿದ್ದರು. ಶೆಟ್ಟೆವ್ವ ಸಿಟ್ಟಿನಿಂದ ಬಾಯಿ ತೆರೆಯುವಷ್ಟರಲ್ಲಿ ಸಾವ್ಕಾರ ಮುತ್ತಪ್ಪನ ಭುಜ ಹಿಚುಕಿದ.

"ಹೌದ್ರಿ, ಇಲ್ಲೇ ಇರ್ತೇವ್ರಿ," ಎಂದ ಮುತ್ತಪ್ಪ.

ಸಾಹೇಬ ಬಾಜೂ ಮನೆಯ ತನಿಖೆಗೆ ಹೋದ.

"ಏಳ್ರಿ ಇನ್ನ. ಅಂಗಿ ಬಿಚ್ಚಿಟ್ಟು, ನೆಲಾ ಒರಸಿ ಹೋಗ್ರಿ."

ಶೆಟ್ಟೆವ್ವ ಶೆಡ್ಡಿಗೆ ಹೋದಳು. ಬಂದಾಗ ತಲೆಯ ಮೇಲೆ ಹಾಸಿಗೆ ಗಂಟು, ಕಂಕುಳಲ್ಲಿ ಹಿಟ್ಟಿನ ಡಬ್ಬಿ, ಕೈಯಲ್ಲಿ ರೊಟ್ಟಿ ಹಂಚು. ಮುಂಬಾಗಿಲಿನಿಂದಲೇ ಬಂದಳು.

"ಎಲ್ಲಿ ನುಗ್ತೀಬೇ ರಂಡಿ?"

"ನಮ್ಮ ಮನ್ಯಾಗ್ರಿ. ಮಕ್ಕಳು ಹಸದಾವು, ರೊಟ್ಟಿ ಬಡೀಬೇಕು."

"ಒದ್ದು ಹೊರಗ ಹಾಕ್ತೇನಿ!"

"ಹಾಕ್ರಿ. ಸಾಹೇಬ ಬಾಜೂಕ ಚಾ ಕುಡ್ಯಾಕತ್ತಾನ. ಕರೀಲೇನ್ರಿ, ನೋಡ್ಲಿ?"

ಸಾವ್ಕಾರ ಓಡಿಹೋಗಿ ಬಾಗಿಲು ಹಾಕಿದ.

ಶೆಟ್ಟೆವ್ವ ಹೋಗಿ ಎರಡೂ ಕದ ತೆರೆದಿಟ್ಟಳು. ಬೀದಿಗೆ ಕಾಣುವಂತೆ ಪಡಸಾಲೆಯ ನಡುವೆಯೇ ಕುಳಿತು ಹಿಟ್ಟು ನಾದತೊಡಗಿದಳು.