ಬಿಚ್ಚಲು ಮರೆತ ಬೋಲ್ಟು

ಸ್ಯಾನ್ ಲಿಯಾಂಡ್ರೊದ ರೈಲು ಹಳಿಯ ಪಕ್ಕದ ಯಾರ್ಡಿನಲ್ಲಿ, ಸೈನ್ಯ ಬೇಡವೆಂದು ಹರಾಜು ಹಾಕಿದ ಟ್ರಕ್ಕುಗಳು ಸಾಲುಗಟ್ಟಿ ನಿಂತಿರುತ್ತಿದ್ದವು. ಅವುಗಳ ಬ್ಯಾಟರಿ ಮತ್ತು ಬ್ರೇಕಿನ ಗಾಳಿಯ ಜವಾಬ್ದಾರಿ ಮರಿಯಮ್‌ಳದು. ಬೆಳಿಗ್ಗೆ ಬಂದವಳೇ ಒಂದೊಂದು ಗಾಡಿಯ ಗಾಳಿ ಟ್ಯಾಂಕಿನ ತಳದ ಕೊಳಾಯಿ ತಿರುಗಿಸಿ ಒಳಗೆ ಕೂತ ನೀರು ಬಿಡುತ್ತಿದ್ದಳು. ಪೈಪಿನ ಸಂದುಗಳಿಗೆ ಸೋಪಿನ ನೊರೆ ಸವರಿ ಗುಳ್ಳೆ ಏಳುತ್ತದೆಯೇ ಎಂದು ನೋಡುತ್ತಿದ್ದಳು. ಬ್ಯಾಟರಿ ಕೆಲಸ ಅವಳಿಗೆ ತವರಿನಿಂದ ಬಂದದ್ದು. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಅವಳ ಅಬ್ಬಾಜಾನರದು ಬ್ಯಾಟರಿ ಚಾರ್ಜ್ ಮಾಡುವ ಅಂಗಡಿ. ಆಸಿಡ್ಡಿನ ತೂತುಗಳಿಲ್ಲದ ಓಢಣಿ ಅವಳ ಬಳಿ ಒಂದೂ ಇರಲಿಲ್ಲ.

ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ಯಾರ್ಡಿಗೆ ಎಂದೂ ಇಲ್ಲದ ವ್ಯಾಪಾರ. ಎರಡು ಸಾವಿರದ ಇಸವಿ ಹುಟ್ಟಿದ ಕೂಡಲೇ ಕಂಪ್ಯೂಟರುಗಳೆಲ್ಲ ಕೈಕೊಡುತ್ತವೆ ಎಂದು ಜನ ಹೆದರಿದ್ದರು. ಮೌಂಟನ್ ವ್ಯೂದಲ್ಲಿ ಅದೇ ದೋಷ ತಿದ್ದುವ ಕೆಲಸದಲ್ಲಿದ್ದ ಮೈಸೂರಿನ ಅರವಿಂದ ಎಲ್ಲರಿಗಿಂತ ಹೆಚ್ಚು ಹೆದರಿ, ಕಂಪ್ಯೂಟರಿನ ಸೋಂಕೇ ಇಲ್ಲದ ಐದು ಟನ್ನಿನ ಟ್ರಕ್ಕೊಂದನ್ನು ಕೊಂಡು, ಅದನ್ನು ಯಾರ್ಡಿನಲ್ಲೇ ನಿಲ್ಲಿಸಿದ್ದ. ಮರಿಯಮ್ ಕನ್ನಡ ಮಾತಾಡುತ್ತಾಳೆಂದು ತಿಳಿದ ಮೇಲೆ ಶನಿವಾರ ತಪ್ಪದೆ ಬರುತ್ತಿದ್ದ.

ಆ ಶನಿವಾರ ಅವನು ಬೆಳಿಗ್ಗೆಯೇ ಬಂದು, ಆಫೀಸಿನವರ ಪಿಕ್ನಿಕ್ಕಿಗೆ ಗುಡ್ಡದ ಮೇಲಿನ ಪಾರ್ಕಿಗೆ ಟ್ರಕ್ಕು ಒಯ್ಯುತ್ತೇನೆಂದು ಅವಸರಪಡಿಸಿದ. ಹೆಂಡತಿ ರಮಾ ಮತ್ತು ಆರು ವರ್ಷದ ಮಗಳು ತನ್ವಿ ಆಗಲೇ ಹತ್ತಿ ಕೂತಿದ್ದರು. ಹೊಸದಾಗಿ ಚಾರ್ಜ್ ಆದ ನಾಲ್ಕೂ ಬ್ಯಾಟರಿ ಗಟ್ಟಿಯಾಗಿದ್ದವು. ಗಾಳಿಯ ಮಾಪಕದ ಮುಳ್ಳು ಮೇಲೇರಿತ್ತು. ಮರಿಯಮ್ ಗೇಟು ತೆಗೆದು ಕಳಿಸಿದಳು.

ಅವರು ಹೋಗಿ ಎರಡು ಗಂಟೆಯಾದ ಮೇಲೆ, ಕೈ ಒರೆಸಿಕೊಳ್ಳಲು ಬಟ್ಟೆಗೆಂದು ಏಪ್ರನ್ನಿನ ಜೇಬು ತಡಕಿದಾಗ ಬೆರಳಿಗೆ ಎರಡು ರಬ್ಬರ್ ಮುಚ್ಚಳ ತಾಕಿದವು. ಅರವಿಂದನ ಟ್ರಕ್ಕಿನ ಮುಚ್ಚಳಗಳು.

ಆ ಜಾತಿಯ ಟ್ರಕ್ಕು ನಿಂತಾಗ ಹಿಂದಿನ ಚಕ್ರಗಳನ್ನು ಹಿಡಿಯುವುದು ಎರಡು ದಪ್ಪ ಸ್ಪ್ರಿಂಗು. ಗಾಳಿ ಅವನ್ನು ಹಿಂದಕ್ಕೆ ಒತ್ತಿಕೊಂಡಿದ್ದರೆ ಮಾತ್ರ ಚಕ್ರ ತಿರುಗುತ್ತದೆ. ಗಾಳಿ ಹೋಯಿತೆಂದರೆ ಸ್ಪ್ರಿಂಗು ಚಕ್ರವನ್ನು ಕಚ್ಚಿಬಿಡುತ್ತದೆ. ಗುರುವಾರ ಬ್ಯಾಟರಿ ಸತ್ತು ಎಂಜಿನ್ ಏಳದೆ, ಎಂಜಿನ್ ಏಳದ್ದಕ್ಕೆ ಗಾಳಿ ಇಲ್ಲದೆ, ಟ್ರಕ್ಕು ಇದ್ದಲ್ಲಿಂದ ಅಲುಗಿರಲಿಲ್ಲ. ಚಾರ್ಜಿಂಗ್ ಶೆಡ್ಡಿಗೆ ಎಳೆಯಲೆಂದು ಮರಿಯಮ್ ಆ ಎರಡೂ ಸ್ಪ್ರಿಂಗಿನ ಡಬ್ಬಿಗಳ ಹಿಂದಿನ ಮುಚ್ಚಳ ತೆಗೆದು, ಉದ್ದನೆಯ ಬೋಲ್ಟು ತೂರಿಸಿ, ನಟ್ಟು ಬಿಗಿದು, ಎತ್ತಿಗೆ ಮೂಗುದಾರ ಹಾಕಿದ ಹಾಗೆ ಸ್ಪ್ರಿಂಗನ್ನು ಹಿಂದಕ್ಕೆಳೆದು ಕಟ್ಟಿದ್ದಳು. ಮುಚ್ಚಳ ಜೇಬಿನಲ್ಲಿದೆಯೆಂದರೆ ಬೋಲ್ಟು ಇನ್ನೂ ಗಾಡಿಯಲ್ಲೇ ಇದೆ. ಅರವಿಂದ ಬ್ರೇಕ್ ತುಳಿದರೆ ಗಾಡಿ ನಿಲ್ಲುತ್ತದೆ, ನಿಜ. ಆದರೆ ನಿಲ್ಲಿಸಿ, ಪಾರ್ಕಿಂಗ್ ಬ್ರೇಕಿನ ಹಿಡಿಗುಬ್ಬಿ ಎಳೆದು ಕೆಳಗಿಳಿದರೆ, ಅದನ್ನು ಹಿಡಿಯುವುದು ಏನೂ ಇಲ್ಲ.

ಅರವಿಂದನ ಸೆಲ್ ಫೋನು ಗುಡ್ಡದಲ್ಲಿ ಸಿಗಲಿಲ್ಲ. ಎರಡು ಮರದ ಬೆಣೆ, ದೊಡ್ಡ ಸ್ಪಾನರು ಡಿಕ್ಕಿಗೆ ಎಸೆದು ಮರಿಯಮ್ ತನ್ನ ಹಳೆಯ ಕೊರೊಲಾ ಹತ್ತಿದಳು. ಫ್ರೀವೇ ಬಿಟ್ಟು ಗುಡ್ಡದ ರಸ್ತೆ ಹಿಡಿದ ಮೇಲೆ ಪ್ರತಿ ತಿರುವಿನಲ್ಲೂ ಆಂಬುಲೆನ್ಸಿನ ಕೆಂಪು ದೀಪ ಕಾಣುತ್ತದೆಂದೇ ಅವಳು ಉಸಿರು ಹಿಡಿದಳು. ಬಾಯಲ್ಲಿ ದುವಾ ಅರ್ಧಕ್ಕೇ ತುಂಡಾಗುತ್ತಿತ್ತು. ಮತ್ತೆ ಮೊದಲಿನಿಂದ ಹಿಡಿಯುತ್ತಿದ್ದಳು. ಮೂವತ್ತು ವರ್ಷದ ಕೆಲಸದಲ್ಲಿ ಆಸಿಡ್ ಸಿಡಿದಿದೆ, ಬ್ಯಾಟರಿಯೇ ಸಿಡಿದಿದೆ. ಆಗೆಲ್ಲ ಗಾಯವಾದರೆ ತನಗೆ. ಇಂಥ ಹೆದರಿಕೆ ಅವಳಿಗೆ ಹೊಸದು.

ಟ್ರಕ್ಕು ಪಾರ್ಕಿಂಗಿನ ತುದಿಯಲ್ಲಿ, ಇಳಿಜಾರಿಗೆ ಮೂತಿ ಮಾಡಿ ನಿಂತಿತ್ತು. ವಾಹನಗಳು ದಾಟದಿರಲೆಂದು ಅಂಚಿಗೆ ಅಡ್ಡ ಮಲಗಿಸಿದ್ದ ಮರದ ದಿಮ್ಮಿಯೊಂದು ಮುಂದಿನ ಚಕ್ರಗಳನ್ನು ತಡೆದಿತ್ತು. ಹಳೆಯ ದಿಮ್ಮಿ. ನೆಲಕ್ಕೆ ಹೊಡೆದಿದ್ದ ಅದರ ಕಬ್ಬಿಣದ ಗೂಟವೊಂದು ಬಾಗಿ, ಬುಡದ ಮಣ್ಣು ಬಿರುಕು ಬಿಟ್ಟಿತ್ತು. ದಿಮ್ಮಿಯಾಚೆ ಹುಲ್ಲಿನ ಇಳಿಜಾರು, ಅದರ ಕೆಳಗೆ ಮೇಜುಗಳು, ಮೇಜಿನ ಸುತ್ತ ಇಪ್ಪತ್ತು ಮೂವತ್ತು ಜನ. ಇನ್ನೂ ಕೆಳಗೆ ಯಾರದೋ ಹುಟ್ಟುಹಬ್ಬದ ಬಲೂನುಗಳು. ತನ್ವಿ ಇನ್ನಿಬ್ಬರು ಮಕ್ಕಳ ಜೊತೆ ಟ್ರಕ್ಕಿನ ಬಂಪರಿಗೆ ಒರಗಿ ಕಲ್ಲಂಗಡಿ ತಿನ್ನುತ್ತಿದ್ದಳು.

ಮರಿಯಮ್‌ಗೆ ಕೂಗಬೇಕೆನಿಸಿತು. ಕೂಗಿದರೆ ಮಕ್ಕಳು ಗಾಬರಿಬಿದ್ದು ಇಳಿಜಾರಿನತ್ತಲೇ ಓಡುತ್ತಾರೆ. ಮೆಲ್ಲಗೆ ನಡೆದು ಹೋಗಿ, ತನ್ವಿಯ ಕೈ ಹಿಡಿದು, ಮೂವರನ್ನೂ ಪಕ್ಕಕ್ಕೆ ಕರೆತಂದಳು. ಅರವಿಂದ ನಗುತ್ತ ಬಂದ. ಮಕ್ಕಳು ಹಾರ್ನ್ ಬಾರಿಸಿ ಬಾರಿಸಿ ಗಾಳಿಯನ್ನೆಲ್ಲ ಮುಗಿಸಿದ್ದಾರೆ, ಎಂಜಿನ್ ಹಚ್ಚಿ ಸ್ವಲ್ಪ ತುಂಬಿಸುತ್ತೇನೆ ಎಂದು ಬಾಗಿಲಿಗೆ ಕೈ ಹಾಕಿದ.

“ಸರ್, ಗಾಡಿ ಮುಟ್ಟಬ್ಯಾಡ್ರಿ,” ಎಂದಳು ಮರಿಯಮ್. “ಬ್ರೇಕ್ ಇಲ್ಲ ಅದಕ್ಕ. ಆ ಕಟ್ಟಿಗಿ ಮ್ಯಾಲೆ ನಿಂತೈತಿ ಅಷ್ಟ.”

ಅರವಿಂದನ ಕೈ ಬಾಗಿಲಿನಿಂದ ಜಾರಿತು. ನಿಲ್ಲಿಸಿದಾಗ ಗಾಡಿ ಗೇಣಷ್ಟು ಮುಂದೆ ಹೋಗಿದ್ದು ಅವನಿಗೂ ಗೊತ್ತಿತ್ತು. ಸರಿಯಾಗಿ ಕೂತುಕೊಂಡಿತು ಎಂದುಕೊಂಡಿದ್ದನಂತೆ. ಯಾರನ್ನಾದರೂ ಕರೆತರೋಣವೇ ಎಂದ. ಅವರು ಬರುವತನಕ ದಿಮ್ಮಿ ನಿಲ್ಲುತ್ತದೆಂಬ ನಂಬಿಕೆ ಅವಳಿಗಿರಲಿಲ್ಲ. ಕೆಳಗಿನವರನ್ನೆಲ್ಲ ಎಬ್ಬಿಸಿ ಬದಿಗೆ ಕಳಿಸಲು ಹೇಳಿ, ಹಿಂದಿನ ಚಕ್ರಗಳ ಮುಂದೆ ಎರಡೂ ಬೆಣೆ ಒತ್ತಿದಳು. ಜಲ್ಲಿಯ ಮೇಲೆ ಬೆಣೆಯ ಹಿಡಿತವೆಷ್ಟು ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಅಂಗಾತ ಮಲಗಿ ಟ್ರಕ್ಕಿನಡಿಗೆ ತೆವಳಿದಳು.

ಮೊದಲನೆಯ ಬೋಲ್ಟು ಕೈಗೆ ಸಿಕ್ಕಿತು. ಸ್ಪಾನರು ಹಾಕಿ ತಿರುಗಿಸತೊಡಗಿದಳು. ಬೆವರಿಗೆ ಹಿಡಿ ಜಾರುತ್ತಿತ್ತು. ಹತ್ತು ಸುತ್ತು, ಇಪ್ಪತ್ತು ಸುತ್ತು. ನಟ್ಟು ಒಮ್ಮೆಲೇ ಹಗುರಾಗಿ ಬೆರಳಿಗೇ ತಿರುಗಿತು. ಸ್ಪ್ರಿಂಗು ಒಂದು ಕಡೆಯ ಚಕ್ರವನ್ನು ಕಚ್ಚಿತು. ಅವಳು ಎರಡನೆಯದರತ್ತ ಹೊರಳುವಾಗ ಮುಂದೆ ಎಲ್ಲೋ ಮರ ಸೀಳಿದ ಸದ್ದಾಯಿತು. ಮುಖದ ಮೇಲಿದ್ದ ಅಷ್ಟೂ ಕಬ್ಬಿಣ ನಡುಗಿ, ಎರಡು ಬೆರಳಿನಷ್ಟು ಮುಂದಕ್ಕೆ ಸರಿಯಿತು. ಬೆಣೆ ಜಲ್ಲಿಯನ್ನು ಕರಕರ ಉಜ್ಜಿತು. ಮರಿಯಮ್ ಕಣ್ಣು ಮುಚ್ಚಿದಳು. ಹೊರಗೆ ತೆವಳಿಹೋಗಬೇಕೆಂದು ಮೈಯೆಲ್ಲ ಹೇಳುತ್ತಿತ್ತು. ಹಾಗೆ ಎಷ್ಟು ಹೊತ್ತು ಮಲಗಿದ್ದಳೋ. ಗಾಡಿ ಮತ್ತೆ ಅಲುಗಲಿಲ್ಲವೆಂದು ತಿಳಿದಾಗ ಸ್ಪಾನರನ್ನು ಎರಡೂ ಕೈಯಲ್ಲಿ ಹಿಡಿದು ಎರಡನೆಯ ನಟ್ಟು ತಿರುಗಿಸಿದಳು. ಅದು ಹಗುರಾದಾಗ ಅವಳ ಬಾಯಿಂದ ಅಳುವಿನಂಥ ಸದ್ದೊಂದು ಹೊರಟಿತು.

ಹೊರಬಂದಾಗ ಜನ ಚಪ್ಪಾಳೆ ತಟ್ಟಿದರು. ನೀವು ಬರದಿದ್ದರೆ ಏನಾಗುತ್ತಿತ್ತೋ ಎಂದು ಅರವಿಂದ ಕೈ ಮುಗಿದ. ಆಗ ಅವಳು ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

“ಕೈ ಮುಗೀಬ್ಯಾಡ್ರಿ ಸರ್. ಈ ಬೋಲ್ಟ್ ಹಾಕಿದಾಕಿ ನಾನ. ಬಿಚ್ಚಾಕ ಮರತಾಕೀನೂ ನಾನ.”

ಚಪ್ಪಾಳೆ ತಟ್ಟಿದವರಲ್ಲಿ ಕನ್ನಡ ಬಾರದವರು ಇನ್ನೂ ನಗುತ್ತಿದ್ದರು. ಅರವಿಂದ ಮುರಿದ ದಿಮ್ಮಿಯನ್ನು ನೋಡುತ್ತ ನಿಂತ. ರಮಾ ಮಗಳನ್ನು ಎತ್ತಿಕೊಂಡು ದೂರ ನಡೆದಳು.

ಮರಿಯಮ್ ಸ್ಪಾನರು ಕೆಳಗಿಟ್ಟಳು. ಅಲ್ಲೇ ಜಲ್ಲಿಯ ಮೇಲೆ ಕೂತುಬಿಟ್ಟಳು. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಯಾರೋ ಕುಕ್ಕರಗಾಲಲ್ಲಿ ಕೂತರು. ರಮಾ.

“ನಂಗೆ ನಿಮ್ಮ ಮೇಲೆ ತುಂಬಾ ಕೋಪ ಇದೆ,” ಎಂದಳು ರಮಾ. “ಮೊದ್ಲು ನೀರು ಕುಡೀರಿ.”

ಮರಿಯಮ್‌ಳ ಕೈಯೆಲ್ಲ ಗ್ರೀಸಾಗಿದ್ದರಿಂದ ಬಾಟಲಿ ಎತ್ತಿ ರಮಾಳೇ ಕುಡಿಸಿದಳು.

ಟ್ರಕ್ಕನ್ನು ತಾನೇ ಓಡಿಸಿ ಗುಡ್ಡದಿಂದ ಕೆಳಗಿಳಿಸಲು ಅರವಿಂದ ಒಪ್ಪಲಿಲ್ಲ. ಮರಿಯಮ್ ಎಂಜಿನ್ ಹಚ್ಚಿ, ಗಾಳಿ ತುಂಬುವತನಕ ಕಾದು, ಹಿಡಿಗುಬ್ಬಿಯನ್ನು ಮೂರು ಸಲ ಎಳೆದು ಒತ್ತಿ ಪರೀಕ್ಷಿಸಿ, ಒಬ್ಬಳೇ ಹೊರಟಳು. ಅವಳ ಕೊರೊಲಾದಲ್ಲಿ ಅರವಿಂದನ ಸಂಸಾರ ಹಿಂದೆ ಬಂತು. ಇಳಿಜಾರಿನುದ್ದಕ್ಕೂ ಅವಳ ಕಣ್ಣು ರಸ್ತೆಗೊಮ್ಮೆ ಗಾಳಿಯ ಮುಳ್ಳಿಗೊಮ್ಮೆ ಹೋಗುತ್ತಿತ್ತು.

ಯಾರ್ಡಿನ ಯಜಮಾನ ಮನುಯೆಲ್ ಎಂಬ ಪೋರ್ಚುಗೀಸ್ ಮೂಲದ ಮುದುಕ. ಅವಳು ಒಂದನ್ನೂ ಬಿಡದೆ ಹೇಳಿದ್ದನ್ನು ಅವನು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಕೇಳಿದ. ಕೆಲಸ ಹೋಯಿತೆಂದೇ ಅವಳು ಏಪ್ರನ್ನು ಬಿಚ್ಚತೊಡಗಿದ್ದಳು. ಬೇರೆಯವನಾಗಿದ್ದರೆ ಮುಚ್ಚಿಡುತ್ತಿದ್ದ, ನನಗೆ ಇದು ತಿಳಿಯುತ್ತಲೇ ಇರಲಿಲ್ಲ, ಸೋಮವಾರ ಬಾ ಎಂದನು ಮುದುಕ.

ಸೋಮವಾರ ಅವಳು ಹೋದಳು. ಗೇಟು ದಾಟುವ ಧೈರ್ಯ ಬರಲು ಕಾಲು ಗಂಟೆ ಹಿಡಿಯಿತು.