ಹೊರಗೆ ಕೇಳಬಾರದು

"ಜರಾ ನೀವೇ ಹಾಕ್ಕೋರಿ ಭಾಯ್. ನಾ ಬಾಜೂಕ ನಿಂತು ಕೇಳ್ತೇನಿ," ಎಂದು ಹೆಲೆನ ಹೆಡ್‌ಫೋನನ್ನು ಅಂಗಡಿಯವನ ಕೈಗೇ ತಿರುಗಿ ಕೊಟ್ಟಳು.

ಬೀದರಿನ ಚೌಬಾರದ ಹತ್ತಿರ ಮೊಬೈಲ್ ಸಾಮಾನು ಮಾರುತ್ತಲೇ ಜುಲ್ಫೀಕಾರನ ಗಡ್ಡ ಬೆಳ್ಳಗಾಗಿತ್ತು. ಬಂದವರು ಹೆಡ್‌ಫೋನನ್ನು ತಮ್ಮ ತಲೆಗೆ ಹಾಕಿಕೊಂಡು ನೋಡುತ್ತಾರೆ, ಫೋನಿನಲ್ಲಿ ತಮ್ಮ ಮುಖ ನೋಡಿಕೊಳ್ಳುತ್ತಾರೆ, ದರಕ್ಕೆ ಜಗ್ಗಾಡುತ್ತಾರೆ. ಅಂಗಡಿಯವನ ತಲೆಗೇ ಹಾಕಿಸಿ, ತಾನು ಬಾಗಿ ಕಿವಿಗೊಟ್ಟು ನಿಲ್ಲುವ ಗಿರಾಕಿ ಅವನಿಗೆ ಇದೇ ಮೊದಲು. ಬಿಳಿ ಸೀರೆಯ ಮೇಲೆ ಸ್ವೆಟರ್ ಹಾಕಿದ ಈ ನಡುವಯಸ್ಸಿನ ಹೆಣ್ಣುಮಗಳು ಹುಚ್ಚಿಯಂತೂ ಕಾಣಲಿಲ್ಲ. ಮಾತು ನಿಧಾನ, ಕೈ ಸ್ಥಿರ. ಆಗಲಿ ಎಂದು ಹಾಕಿಕೊಂಡ.

ಹೆಲೆನ ತಂತಿಯನ್ನು ತನ್ನ ಫೋನಿಗೆ ಚುಚ್ಚಿ ಹಾಡು ಹಚ್ಚಿದಳು. ಆಮೇಲೆ ಅವನ ಕಿವಿಯ ಪಕ್ಕಕ್ಕೆ ತನ್ನ ಕಿವಿ ಒಡ್ಡಿದಳು. ರಸ್ತೆಯಲ್ಲಿ ಆಟೋಗಳ ಗದ್ದಲ. ಆ ಗದ್ದಲದ ನಡುವೆಯೂ ಸಣ್ಣಗೆ, ಡಬ್ಬಿಯೊಳಗೆ ಸಿಕ್ಕ ನೊಣದ ಹಾಗೆ ಗುಂಯ್‌ಗುಟ್ಟುವುದು ಕೇಳಿಸಿತು.

"ಇದು ಬ್ಯಾಡ್ರಿ. ಆವಾಜ್ ಹೊರಗ ಬರ್ಲಿಕತ್ತದ."

"ಇಷ್ಟ್ ಯಾರಿಗಿ ಕೇಳಸ್ತದ್ರಿ ಅಕ್ಕಾರ?"

"ಕೇಳಸೋರಿಗಿ ಕೇಳಸ್ತದ," ಎಂದಳು ಹೆಲೆನ.

ಮಂಗಲಪೇಟದಲ್ಲಿ ಅವಳ ಮನೆಯ ಹಿಂದಿನ ಓಣಿಯಲ್ಲೇ ಇಂಥ ಅಂಗಡಿ ಇತ್ತು. ಅಲ್ಲಿಗೆ ಹೋಗಲಿಲ್ಲ. ಅಲ್ಲಿ ಎಲ್ಲರೂ ಗುರುತಿನವರು. ಯಾಕೆ, ಯಾರಿಗೆ ಎಂದು ಕೇಳದೆ ಬಿಡುವವರಲ್ಲ. ಸಂಜೆಯೊಳಗೆ ಸುದ್ದಿ ಚರ್ಚಿನ ಅಂಗಳ ಮುಟ್ಟುತ್ತದೆ, ಅಲ್ಲಿಂದ ಗಂಡ ಆಲ್ಬರ್ಟ ಮಾಸ್ತರರ ಕಿವಿಗೆ ಬೀಳಲು ಎಷ್ಟು ಹೊತ್ತು? ಅದಕ್ಕೇ ಭಾಲ್ಕಿಯ ದವಾಖಾನೆಯಲ್ಲಿ ನರ್ಸ್ ಡ್ಯೂಟಿ ಮುಗಿಸಿ ಬೀದರಿನ ಬಸ್ಸು ಇಳಿದವಳು ಮನೆ ಕಡೆ ಹೋಗದೆ ಇತ್ತ ಬಂದಿದ್ದಳು. ಗಂಡನಿಗೆ ಗೊತ್ತಾಗದ ಹಾಗೆ ಬಂಗಾರ ಮಾರುವವರಿದ್ದಾರೆ, ಚೀಟಿ ಹಾಕುವವರಿದ್ದಾರೆ. ಹೆಲೆನ ಗಂಡನಿಗೆ ಗೊತ್ತಾಗದ ಹಾಗೆ ಮಗಳ ಹಾಡು ಕೇಳಬೇಕಾಗಿತ್ತು.

ಮಗಳು ಶರೋನ ಸಂತಪುರದ ಸಾಲಿಯಲ್ಲಿ ಟೀಚರಾಗಿದ್ದಳು. ಔರಾದದಲ್ಲಿ ಬಾಡಿಗೆ ಖೋಲಿ ಹಿಡಿದಿದ್ದಳು, ಶನಿವಾರ ಬಂದರೆ ಸೋಮವಾರ ಹೋಗುತ್ತಿದ್ದಳು. ಹೋದ ಮಳೆಗಾಲದಲ್ಲಿ ಜ್ವರ ಹೊತ್ತುಕೊಂಡು ಬಂದವಳು ತಿರುಗಿ ಹೋಗಲಿಲ್ಲ. ಊರವರ ಮಕ್ಕಳ ಹಣೆಯ ಮೇಲೆ ಕೈ ಇಟ್ಟೇ ಜ್ವರ ಎಷ್ಟೆಂದು ಹೇಳುತ್ತಿದ್ದ ತಾಯಿ, ತನ್ನ ಮಗಳ ಹಣೆಯ ಮೇಲೆ ಕೈ ಇಟ್ಟುಕೊಂಡು ಕುಳಿತಿದ್ದಂತೆಯೇ ಆ ಹಣೆ ತಣ್ಣಗಾಯಿತು. ಆ ಕೈಯನ್ನು ಏನು ಮಾಡಬೇಕೆಂದು ಹೆಲೆನಳಿಗೆ ಇನ್ನೂ ತಿಳಿದಿಲ್ಲ.

"ಇದ್ ನೋಡ್ರಿ, ಇದ್ರಾಗ ಬೇಸ್ ಭಾಳ ಅದ. ಎದ್ಯಾಗ ಧಡ್ ಧಡ್ ಅಂತದ. ಹುಡುಗ್ರು ಇದನ್ನೇ ಒಯ್ತಾರ," ಎಂದು ಜುಲ್ಫೀಕಾರ ಕೆಂಪು ಪಟ್ಟಿಯದೊಂದನ್ನು ಮುಂದಿಟ್ಟ.

ಹೆಲೆನ ಅದನ್ನು ತಾನೇ ಹಾಕಿಕೊಂಡಳು. ಫೋನಿನಲ್ಲಿದ್ದದ್ದು ಒಂದೇ ಹಾಡು. ಹಿಂದಿನ ಕ್ರಿಸ್ಮಸ್ ರಜೆಯಲ್ಲಿ, ಸಂಜೆ ಪ್ರಾರ್ಥನೆಗೆ ಮೂವರೂ ಕುಳಿತಾಗ ಶರೋನ ಫೋನನ್ನು ಸ್ಟೀಲಿನ ಗ್ಲಾಸಿಗೆ ಒರಗಿಸಿಟ್ಟು ರೆಕಾರ್ಡ್ ಮಾಡಿದ್ದು. ಆ ಮನೆಯಲ್ಲಿ ಗೀತೆ ಎಂದರೆ ಮೂರು ದನಿ. ಮೇಲಿನ ದನಿ ಶರೋನಳದು, ಹಾಡಿನ ಧಾಟಿ ಇರುವುದು ಅದರಲ್ಲೇ. ನಡುವಿನದು ಹೆಲೆನಳದು. ಕೆಳಗಿನದು ಮಾಸ್ತರರದು. ಚರ್ಚಿನ ಹಾಡುಗಾರರಿಗೆಲ್ಲ ತಾಳ ಕಲಿಸಿದ ಮನುಷ್ಯ, ಮನೆಯಲ್ಲೂ ಚಪ್ಪಲಿಯಿಂದ ನೆಲಕ್ಕೆ ತಾಳ ಹಾಕುತ್ತಲೇ ಹಾಡುತ್ತಿದ್ದರು. ಎರಡನೇ ಚರಣದ ಮೊದಲ ಸಾಲು ಮಾತ್ರ ಶರೋನಳೊಬ್ಬಳದು. ಅಲ್ಲಿ ಅಪ್ಪ ಅಮ್ಮ ಇಬ್ಬರೂ ಸುಮ್ಮನಾಗಬೇಕು. ಹಾಗೆಂದು ಅವಳೇ ಚಿಕ್ಕವಳಿದ್ದಾಗ ಹಟ ಹಿಡಿದು ಮಾಡಿಸಿಕೊಂಡ ಕಾಯಿದೆ.

ಕೆಂಪು ಪಟ್ಟಿಯ ಹೆಡ್‌ಫೋನಿನಲ್ಲಿ ಮಾಸ್ತರರ ದನಿ ಗವಿಯೊಳಗಿಂದ ಬಂದಂತೆ ಬಂತು. ಚಪ್ಪಲಿಯ ತಾಳ ಡೊಳ್ಳಿನಂತೆ ಬಡಿಯಿತು. ಶರೋನ ಎಲ್ಲೋ ಹಿಂದೆ, ಬಾಗಿಲ ಆಚೆ ಉಳಿದಳು. ಹೆಲೆನ ಅದನ್ನು ತಟ್ಟನೆ ತೆಗೆದಿಟ್ಟಳು.

"ಮಗಳ ದನಿ ಅಡಗ್ತದ್ರಿ ಇದ್ರಾಗ. ಬೇರೇದು ತೋರಸ್ರಿ. ತಂತೀದೇ ಇರ್ಲಿ. ಬ್ಲೂಟೂತ್ ಕೈಕೊಟ್ರ ಫೋನೇ ಒದರ್ತದ."

ಜುಲ್ಫೀಕಾರ ಮೇಲಿನ ಹಲಗೆಯಿಂದ ಧೂಳು ಹಿಡಿದ ಡಬ್ಬಿಯೊಂದನ್ನು ಇಳಿಸಿದ. ಕರಿ ಬಣ್ಣದ್ದು, ಯಾವ ಠಾಕುಠೀಕೂ ಇಲ್ಲ. ಕಿವಿಯನ್ನು ಪೂರಾ ಮುಚ್ಚುವ ದಪ್ಪ ಗಾದಿಯ ಎರಡು ಬಟ್ಟಲು, ಹಿಂದೆ ಒಂದು ತೂತೂ ಇಲ್ಲದ ಬೆನ್ನು. "ಸಸ್ತಾ ಅದ, ನೋಡ್ಲಿಕ್ಕ್ ಛಂದ ಇಲ್ಲಂತ ಯಾರೂ ಒಯ್ಯಂಗಿಲ್ರಿ. ಆದ್ರ ಹಿಂದ್ ಬಂದ್ ಅದ. ಒಳಗಿಂದು ಒಳಗ, ಹೊರಗಿಂದು ಹೊರಗ."

ಈ ಸಲ ಹೇಳಿಸಿಕೊಳ್ಳದೆ ತಾನೇ ತಲೆಗೆ ಹಾಕಿಕೊಂಡ. ಹೆಲೆನ ಕಿವಿ ಒಡ್ಡಿದಳು. ಉಸಿರು ಹಿಡಿದು ನಿಂತಳು. ಅವನ ಗಡ್ಡದ ಅತ್ತರಿನ ವಾಸನೆ ಬಿಟ್ಟರೆ ಏನೂ ಹೊರಗೆ ಬರಲಿಲ್ಲ. ಅವನು ಮಾತ್ರ ತಾಳಕ್ಕೆ ತಲೆದೂಗುತ್ತ, ಕಿವಿ ಮುಚ್ಚಿದವರು ಮಾತಾಡುವಂತೆ ಅಂಗಡಿಗೆಲ್ಲ ಕೇಳುವಷ್ಟು ದೊಡ್ಡದಾಗಿ ಕೇಳಿದ. "ಭಾಳ ಛಂದ ಹಾಡ್ಯಾರ್ರಿ ಅಕ್ಕಾರ! ಇವ್ರೇ ಏನ್ರಿ ಮಗಳು? ಏನ್ ಮಾಡ್ತಾರ?"

"ಸಂತಪುರದಾಗ ಟೀಚರ್ ಇದ್ದಾಳ್ರಿ," ಎಂದಳು ಹೆಲೆನ. "ಔರಾದದಾಗ ಖೋಲಿ ಹಿಡದಾಳ. ಶನಿವಾರ ಬರ್ತಾಳ."

ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. ಆ ಮಾತು ಬಾಯಲ್ಲಿದ್ದಷ್ಟು ಹೊತ್ತು ಮಗಳು ಇದ್ದಳು. ಅಂಗಡಿಯ ಮೆಟ್ಟಿಲಿಳಿದು ಆಟೋ ಹತ್ತುವಾಗ ಇಲ್ಲದಾದಳು, ಇನ್ನೊಮ್ಮೆ. ಹೆಲೆನ ಡಬ್ಬಿಯನ್ನು ಊಟದ ಚೀಲದೊಳಗೆ ಇಟ್ಟು ಮನೆ ತಲುಪುವವರೆಗೂ ಅತ್ತಳು.

ಮಾಸ್ತರರನ್ನು ಕಲ್ಲೆದೆಯವರು ಎಂದು ಯಾರಾದರೂ ಅಂದರೆ ಅದು ತಪ್ಪು. ಮಗಳ ಮಣ್ಣು ಮುಗಿಸಿ ಬಂದ ಮರುವಾರವೇ ಅವರು ಚರ್ಚಿನ ಹಾಡುಗಾರಿಕೆ ಬಿಟ್ಟರು. ಪಾಸ್ಟರು ಮನೆಗೆ ಬಂದು ಕೈಹಿಡಿದು ಕೇಳಿದರೂ ಹೋಗಲಿಲ್ಲ. ಸಂಜೆ ಪ್ರಾರ್ಥನೆಯಲ್ಲಿ ಗೀತೆ ನಿಂತಿತು, ಬರೀ ಓದುವುದು ಉಳಿಯಿತು. ಒಂದು ಮಧ್ಯಾಹ್ನ ಅವರು ಉಣ್ಣುತ್ತಿದ್ದಾಗ ಹೆಲೆನ ಒಲೆಯ ಹತ್ತಿರ ಬೆನ್ನು ಮಾಡಿ ನಿಂತು, ಫೋನಿನೊಂದಿಗೆ ಬಂದಿದ್ದ ಸಣ್ಣ ಇಯರ್‌ಫೋನು ಸಿಕ್ಕಿಸಿಕೊಂಡು ಕೇಳುತ್ತಿದ್ದಳು. ಅದರಿಂದ ಎಳೆಯಷ್ಟು ದನಿ ಸೋರಿತ್ತು. ಮಾಸ್ತರರು ಕೈಯಲ್ಲಿದ್ದ ತುತ್ತನ್ನು ತಾಟಿಗೆ ತಿರುಗಿ ಹಾಕಿದರು.

"ಹೆಲೆನ, ಅದನ್ನ ಅಳಸಿ ಬಿಡು," ಎಂದರು. "ಆ ದನಿ ಇನ್ನೊಮ್ಮಿ ನನ್ನ ಕಿವಿಗಿ ಬಿತ್ತಂದ್ರ ನಾ ಈ ಮನ್ಯಾಗ ಇರಂಗಿಲ್ಲ. ಎಲ್ಲಿಗ್ಯಾರ ಹೋಗ್ತೇನಿ."

ಸಿಟ್ಟಿನ ಮಾತಾಗಿದ್ದರೆ ಹೆಲೆನ ಹೆದರುತ್ತಿರಲಿಲ್ಲ. ಅವರು ಅದನ್ನು ಬೇಡುವವರ ಹಾಗೆ ಹೇಳಿದ್ದರು. "ಅಳಸ್ತೇನ್ರಿ," ಎಂದಳು. ಸಂಜೆ ಕೇಳಿದಾಗ "ಅಳಸೀನ್ರಿ" ಎಂದಳು. ಅಳಿಸಲಿಲ್ಲ. ಗಂಡನೂ ಬೇಕು, ಮಗಳ ದನಿಯೂ ಬೇಕು. ಆ ಎರಡನ್ನೂ ಒಂದೇ ಮನೆಯಲ್ಲಿ ಇಟ್ಟುಕೊಳ್ಳುವುದು ಹೇಗೆಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು, ಕೊನೆಗೆ ಸಿಕ್ಕಿದ್ದು ಈ ಕರಿ ಬಟ್ಟಲುಗಳು.

ಅಂದಿನಿಂದ ಸಂಜೆ ಡ್ಯೂಟಿಯಿಂದ ಬಂದು ಮುಖ ತೊಳೆದು, ಮಾಸ್ತರರು ಮುಂದಿನ ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಕುಳಿತ ಮೇಲೆ, ಹೆಲೆನ ಹಿಂದಿನ ಖೋಲಿಗೆ ಹೋಗಿ ಕದ ಮುಂದೆ ಮಾಡುತ್ತಿದ್ದಳು. ಶರೋನಳ ಮಂಚದ ಮೇಲೆ ಕುಳಿತು ಹೆಡ್‌ಫೋನು ಹಾಕಿಕೊಳ್ಳುತ್ತಿದ್ದಳು. ಬಟ್ಟಲುಗಳು ಕಿವಿಯ ಮೇಲೆ ಕೂತ ಕೂಡಲೇ ಓಣಿಯ ನಾಯಿ, ಪಕ್ಕದ ಮನೆಯ ಕುಕ್ಕರು, ಫ್ಯಾನಿನ ಕಿರಿಕಿರಿ ಎಲ್ಲ ಮಾಯ. ಕಿವಿ ಬೆವರುತ್ತಿತ್ತು, ಗಾದಿ ಒತ್ತಿ ಕೆಂಪಗೆ ಗುರುತು ಬೀಳುತ್ತಿತ್ತು. ಬೀಳಲಿ. ಶರೋನ ಹಾಡುವ ಮೊದಲು ಗಂಟಲು ಸರಿಮಾಡಿಕೊಳ್ಳುವುದೂ, "ಅಪ್ಪಾ, ಜೋರಾಗಿ ಬ್ಯಾಡ" ಎಂದು ಪಿಸುಗುಟ್ಟುವುದೂ ಈಗ ಕೇಳುತ್ತಿತ್ತು. ಜೀವಕ್ಕೆ ಅದೊಂದು ತಂಪು. ಕಣ್ಣು ಮುಚ್ಚಿ, ಮಗಳ ಜೊತೆ ತನ್ನ ಪಾಲಿನ ದನಿಗೆ ತುಟಿ ಆಡಿಸುತ್ತಿದ್ದಳು.

ತುಟಿ ಅಷ್ಟೇ ಎಂದು ಅವಳು ತಿಳಿದಿದ್ದಳು.

ಬಾಜೂ ಮನೆಯ ಪ್ರಮಿಲಾ ಒಳ್ಳೆಯವಳು, ಆದರೆ ಹೊಟ್ಟೆಯಲ್ಲಿ ಮಾತು ನಿಲ್ಲದು. ಗಂಡ ಶಿವರಾಜ ಊರ ಹೊರಗಿನ ಕೊಳಾರದ ಫ್ಯಾಕ್ಟರಿಗೆ ಹೋದ ಮೇಲೆ ಅವಳಿಗೆ ಮಾತಾಡಲು ಕಂಪೌಂಡಿನ ಗೋಡೆಯೇ ಗತಿ. ಒಂದು ಭಾನುವಾರ ಹೆಲೆನ ಬಟ್ಟೆ ಒಣಹಾಕುತ್ತಿದ್ದಾಗ ಗೋಡೆಯಾಚೆಯಿಂದ ಇಣುಕಿದಳು.

"ಅಕ್ಕಾ, ಸಿಟ್ಟ್ ಮಾಡ್ಕೋಬ್ಯಾಡ್ರಿ, ಒಂದ್ ಮಾತ್ ಕೇಳ್ತೇನಿ. ದಿನಾ ಸಂಜಿಕಿ ಅದ್ ಏನ್ ಹಾಡ್ತೀರಿ?"

"ನಾನ? ಹಾಡ್ತೇನಿ?"

"ಅಗಬಾಯಿ, ನಮ್ಮ ಅಡಗಿ ಮನಿತನಕ ಕೇಳಸ್ತದಲ್ರಿ. ಆದ್ರ ಧಾಟಿನೇ ಹತ್ತಂಗಿಲ್ಲ. ಇದ್ದಲ್ಲೇ ಇದ್ದಲ್ಲೇ ತಿರಗ್ತದ. ಮತ್ತ ನಡುವ ಒಮ್ಮಿಗೇ ಸುಮ್ನಾಗ್ತೀರಿ. ಆಂಟಿ ಹಾಡು ಮರೀತಾರಂತ ನಮ್ಮ ಹುಡುಗಿ ವರದಾ ನಗ್ತಾಳ."

ಹೆಲೆನಳ ಕೈಯಲ್ಲಿದ್ದ ಮಾಸ್ತರರ ಅಂಗಿ ನೀರು ತೊಟ್ಟಿಕ್ಕುತ್ತಲೇ ಇತ್ತು. ಎಂಥ ಕೆಲಸವಾಯಿತು! ಒಳಗಿನ ಆವಾಜು ಹೊರಗೆ ಬರಬಾರದೆಂದು ಅಂಗಡಿಯವನ ಕಿವಿಗೆ ಕಿವಿ ಹಚ್ಚಿ ಪರೀಕ್ಷೆ ಮಾಡಿದವಳು, ತನ್ನ ಗಂಟಲನ್ನು ಮರೆತಿದ್ದಳು. ಕಿವಿ ಮುಚ್ಚಿದರೆ ತನ್ನ ದನಿ ತನಗೆ ಕೇಳದು. ಚಿಕ್ಕಂದಿನಿಂದ ಚರ್ಚಿನ ಬೆಂಚಿನ ಮೇಲೆ ನಿಂತು ನಡುವಿನ ದನಿಯನ್ನೇ ಹಾಡುತ್ತ ಬಂದವಳಿಗೆ, ಮೇಲಿನ ದನಿ ಕೇಳಿಸಿದರೆ ಸುಮ್ಮನಿರುವುದು ಬಾರದು. ಪ್ರಮಿಲಾಳಿಗೆ ಅದು ಧಾಟಿಯಿಲ್ಲದ ಗುನುಗು. ಆದರೆ ಮಾಸ್ತರರಿಗೆ? ಆ ಗೀತೆಯ ಮೂರೂ ದನಿ ಕಲಿಸಿದವರಿಗೆ? ಮೊದಲ ಸಂಜೆ ಮೊದಲ ಸಾಲಿಗೇ ತಿಳಿದಿರುತ್ತದೆ. ಅಳಿಸಿಲ್ಲ ಎಂಬುದೂ ತಿಳಿದಿರುತ್ತದೆ.

ಮತ್ತೆ ಯಾಕೆ ಸುಮ್ಮನಿದ್ದಾರೆ? ಅಂದಂತೆಯೇ ಹೊರಟು ಹೋಗಲು ದಿನ ನೋಡುತ್ತಿದ್ದಾರೆಯೆ? ಮಧ್ಯಾಹ್ನ ಹೆಲೆನ ಎದುರಿಗೆ ಕುಳಿತು ಉಣ್ಣುವ ಗಂಡನ ಮುಖ ನೋಡಿದಳು. ಏನೂ ಗೊತ್ತಾಗಲಿಲ್ಲ. ಕಪಾಟಿನ ಮೇಲಿದ್ದ ಅವರ ಸೂಟ್‌ಕೇಸು ಇದ್ದಲ್ಲೇ ಇದೆಯೆ ಎಂದು ಎರಡು ಸಲ ಹೋಗಿ ನೋಡಿ ಬಂದಳು.

ಸಂಜೆ ಮಾಸ್ತರರು ವರಾಂಡಕ್ಕೆ ಹೋದರು. ಹೆಲೆನ ಅಡಿಗೆಮನೆಯಲ್ಲೇ ಸುಳಿದಾಡಿದಳು. ಎಲ್ಲವನ್ನೂ ಹೇಳಿಬಿಡುವುದು, ಫೋನನ್ನು ಅವರ ಕೈಗೇ ಕೊಟ್ಟುಬಿಡುವುದು ಎಂದು ಬಾಗಿಲತನಕ ಹೋದಳು. ಮಾಸ್ತರರು ತಿರುಗಿ ನೋಡಲಿಲ್ಲ. "ಇವತ್ತ ಭಾಳ ತಡಾ ಆಯ್ತಲ್ಲ," ಎಂದರು.

"ಚಾ ಇಡ್ಲೇನ್ರಿ?"

"ಚಾ ಆಮ್ಯಾಲ."

ಹೆಲೆನ ಫೋನನ್ನು ಕೈಯಲ್ಲೇ ಹಿಡಿದುಕೊಂಡು ಹಿಂದಿನ ಖೋಲಿಗೆ ಬಂದು ಮಂಚದ ಮೇಲೆ ಕುಳಿತಳು. ಇದೇ ಕೊನೆ, ಇವತ್ತು ಕೇಳಿ ಅಳಿಸಿಬಿಡುತ್ತೇನೆ ಎಂದುಕೊಂಡಳು. ಹೆಡ್‌ಫೋನು ಹಾಕಿಕೊಂಡು ಹಾಡು ಹಚ್ಚಿದಳು. ಮಗಳು ಗಂಟಲು ಸರಿಮಾಡಿಕೊಂಡಳು, ಅಪ್ಪನಿಗೆ ಪಿಸುಗುಟ್ಟಿದಳು, ಹಾಡಿದಳು. ಹೆಲೆನ ತುಟಿ ಬಿಗಿ ಹಿಡಿದಳು. ಆಗಲಿಲ್ಲ. ಬಂದದ್ದು ಬರಲಿ ಎಂದು ಹಾಡಿದಳು. ಎಷ್ಟು ದೊಡ್ಡದಾಗಿ ಹಾಡುತ್ತಿದ್ದೇನೋ ನೋಡೋಣವೆಂದು, ಹಾಡುತ್ತಲೇ ಬಲಗಿವಿಯ ಬಟ್ಟಲನ್ನು ತುಸು ಸರಿಸಿದಳು.

ತನ್ನ ದನಿ ಕೇಳಿಸಿತು. ಅದರ ಕೆಳಗೆ ಇನ್ನೊಂದು ದನಿ ಇತ್ತು.

ರೆಕಾರ್ಡಿನದೇ ಸೋರಿತೇನೋ ಎಂದುಕೊಂಡಳು. ಅಲ್ಲ. ರೆಕಾರ್ಡಿನ ಮಾಸ್ತರರ ದನಿ ತುಂಬಿದ ದನಿ. ಇದು ಬತ್ತಿದ್ದು, ಸಾಲು ಸಾಲಿಗೆ ಉಸಿರು ಸಾಲದ್ದು. ವರಾಂಡದ ಕಡೆಯಿಂದ, ಮುಂದೆ ಮಾಡಿದ ಕದದ ಸಂದಿಯಿಂದ ಬರುತ್ತಿತ್ತು. ಅವಳ ದನಿಗೆ ಹೆಜ್ಜೆ ಹಚ್ಚಿ, ಒಂದಿಷ್ಟೂ ಹಿಂದೆ ಮುಂದೆ ಆಗದೆ ಬರುತ್ತಿತ್ತು. ಇವತ್ತು ಮೊದಲ ಸಲ ಹಾಡುವವರ ರೂಢಿಯಲ್ಲ ಅದು.

ಹೆಲೆನ ಹಾಡು ಬಿಡಲಿಲ್ಲ. ಬಿಟ್ಟರೆ ಅವರೂ ಬಿಡುತ್ತಾರೆಂದು ಹೆದರಿದಳು. ಹಾಡುತ್ತಲೇ ಎರಡೂ ಬಟ್ಟಲುಗಳನ್ನು ಮೆಲ್ಲಗೆ ಕಿವಿಯಿಂದ ತೆಗೆದು, ಒಂದಕ್ಕೊಂದು ಜೋಡಿಸಿ ಎದೆಗೆ ಒತ್ತಿ ಹಿಡಿದಳು. ಕಣ್ಣೀರು ಗದ್ದದಿಂದ ಕರಿ ಬಟ್ಟಲಿನ ಬೆನ್ನ ಮೇಲೆ ಬಿದ್ದು ಜಾರುತ್ತಿತ್ತು.

ಮೊದಲ ಚರಣ ಮುಗಿಯಿತು. ಮುಂದಿನ ಸಾಲು ಶರೋನಳೊಬ್ಬಳದು. ಹೆಲೆನ ಸುಮ್ಮನಾದಳು. ವರಾಂಡದಲ್ಲಿ ಮಾಸ್ತರರೂ ಸುಮ್ಮನಾದರು. ಬಟ್ಟಲುಗಳ ಒಳಗಿನದು ಒಳಗೇ ಇತ್ತು, ಒಂದಿಷ್ಟೂ ಹೊರಗೆ ಬರಲಿಲ್ಲ. ಪ್ರಮಿಲಾಳ ಮನೆಯ ಕುಕ್ಕರು ಒಂದು ಸೀಟಿ ಹೊಡೆದು ನಿಂತಿತು. ಆಮೇಲೆ ಮನೆಯಲ್ಲಿ ಉಳಿದದ್ದು, ವರಾಂಡದ ಫರಸಿ ಕಲ್ಲಿನ ಮೇಲೆ ಮಾಸ್ತರರ ಚಪ್ಪಲಿ ಹಾಕುತ್ತಿದ್ದ ತಾಳ ಒಂದೇ. ಮಗಳು ತನ್ನ ಸಾಲು ಮುಗಿಸುವವರೆಗೂ ಅದು ಅವಸರವಿಲ್ಲದೆ ಬೀಳುತ್ತಿತ್ತು.